ಹಿಮ್ಮಡಿ ನೋವಿಗೆ ವಿಶ್ರಾಂತಿಯೊಂದೇ ಮದ್ದಲ್ಲ

ಬೆಳಿಗ್ಗೆ ಹಾಸಿಗೆಯಿಂದೆದ್ದು ಕಾಲು ನೆಲಕ್ಕೂರಿದ ಕೂಡಲೇ ಹಿಮ್ಮಡಿಯ ತಳದಲ್ಲಿ, ಅದರಲ್ಲೂ ತುಸು ಒಳಬದಿಗೆ ಸರಿದ ಒಂದು ನಿರ್ದಿಷ್ಟ ಜಾಗದಲ್ಲಿ, ಚುಚ್ಚುವ ನೋವು ಕಾಣಿಸಿಕೊಂಡು, ಕೆಲವು ನಿಮಿಷ ಕುಂಟುತ್ತ ಓಡಾಡಿದ ಮೇಲೆ ತಾನಾಗಿಯೇ ಕಡಿಮೆಯಾಗಿ, ದಿನವಿಡೀ ನಿಂತು ಕೆಲಸ ಮಾಡಿದ ಸಂಜೆ ಮತ್ತೆ ಮರುಕಳಿಸುತ್ತಿದ್ದರೆ, ಅದು ಪ್ಲಾಂಟರ್ ಫೇಶಿಯೈಟಿಸ್ ಆಗಿರುವ ಸಾಧ್ಯತೆಯೇ ಹೆಚ್ಚು. ದೊಡ್ಡವರಲ್ಲಿ ಹಿಮ್ಮಡಿಯ ತಳ ನೋಯುವುದಕ್ಕೆ ಅತ್ಯಂತ ಸಾಮಾನ್ಯ ಕಾರಣ ಇದೇ. ಹತ್ತು ಜನರಲ್ಲಿ ಒಬ್ಬರಿಗಾದರೂ ಬದುಕಿನ ಒಂದಲ್ಲ ಒಂದು ಹಂತದಲ್ಲಿ ಹಿಮ್ಮಡಿ ನೋವು ಬರುತ್ತದೆಂಬ ಅಂದಾಜಿದೆ. 40ರಿಂದ 60ರ ವಯಸ್ಸಿನವರಲ್ಲಿ ಅದು ಹೆಚ್ಚು. ಪ್ಲಾಂಟರ್ ಫೇಶಿಯೈಟಿಸ್ ಆದವರಲ್ಲಿ ಶೇ 80ರಿಂದ 90ರಷ್ಟು ಮಂದಿ ಶಸ್ತ್ರಚಿಕಿತ್ಸೆಯ ಅಗತ್ಯವೇ ಬೀಳದೆ ಸುಮಾರು ಒಂದು ವರ್ಷದೊಳಗೆ ಗುಣವಾಗುತ್ತಾರೆ. ಆದರೆ ನೋಯುವ ಕಾಲಿನಲ್ಲಿ ನಡೆಯುವವರಿಗೆ ಒಂದು ವರ್ಷ ಬಹಳ ದೀರ್ಘ ಕಾಲ. ಆ ಅವಧಿ ಮೊಟಕಾಗುವುದೋ ಇನ್ನಷ್ಟು ಎಳೆಯುವುದೋ ಎಂಬುದು, ಪಾದದ ಮೇಲೆ ಬೀಳುವ ಭಾರವನ್ನು ನಾವು ಹೇಗೆ ಹೊಂದಿಸಿಕೊಳ್ಳುತ್ತೇವೆ ಎಂಬುದರ ಮೇಲೆ ಬಹುಮಟ್ಟಿಗೆ ನಿಂತಿದೆ. ಕಾಲು ಚಾಚಿ ಕೂತುಬಿಡುವುದರಿಂದಲೂ ಪ್ರಯೋಜನವಿಲ್ಲ, ನೋವನ್ನು ಕಡೆಗಣಿಸಿ ಓಡಾಡುವುದರಿಂದಲೂ ಇಲ್ಲ. ಅದೇಕೆಂದು ತಿಳಿಯಲು ಅಂಗಾಲಿನೊಳಗೆ ಹರಡಿರುವ ಒಂದು ನಾರಿನ ಪಟ್ಟಿಯ ಕೆಲಸವನ್ನು ಮೊದಲು ಅರಿಯಬೇಕು.

ಹಿಮ್ಮಡಿಯ ಮೂಳೆಯ ತಳದಲ್ಲಿ ಒಳಬದಿಗೆ ಒಂದು ಉಬ್ಬಿದೆ. ಅಲ್ಲಿಂದ ಹೊರಟು, ಅಂಗಾಲಿನ ಉದ್ದಕ್ಕೂ ಅಗಲವಾಗುತ್ತ ಸಾಗಿ, ಐದು ಎಳೆಗಳಾಗಿ ಕವಲೊಡೆದು ಕಾಲ್ಬೆರಳುಗಳ ಬುಡವನ್ನು ಸೇರುವ ದಪ್ಪನೆಯ ಪಟ್ಟಿಯೇ ಪ್ಲಾಂಟರ್ ಫೇಶಿಯಾ. ಅದು ಸ್ನಾಯುವಲ್ಲ, ಬಹುಪಾಲು ಕೊಲಾಜನ್ ಎಂಬ ಗಟ್ಟಿ ನಾರುಗಳಿಂದ ಹೆಣೆದ, ಹೆಚ್ಚು ಹಿಗ್ಗದ ಅಂಗಾಂಶ. ಪಾದದ ಕಮಾನನ್ನು ಬಿಲ್ಲೆಂದುಕೊಂಡರೆ ಈ ಪಟ್ಟಿಯೇ ಅದರ ಹೆದೆ: ಮೈಭಾರ ಮೇಲಿನಿಂದ ಒತ್ತಿ ಕಮಾನು ಚಪ್ಪಟೆಯಾಗಲು ಹೊರಟಾಗ ಅದು ಬಿಗಿದುಕೊಂಡು ತಡೆಯುತ್ತದೆ. ಇದಕ್ಕೆ ಇನ್ನೊಂದು ಕೆಲಸವೂ ಇದೆ ಎಂಬುದನ್ನು ಸಂಶೋಧಕ ಜೆ. ಎಚ್. ಹಿಕ್ಸ್ 1954ರಲ್ಲಿ ವಿವರಿಸಿದರು. ನಡೆಯುವಾಗ ಹಿಮ್ಮಡಿ ನೆಲ ಬಿಟ್ಟು ಮೇಲೇಳುವ ಹೊತ್ತಿಗೆ ಬೆರಳುಗಳು ಹಿಂದಕ್ಕೆ ಬಾಗುತ್ತವೆ. ಆಗ ಈ ಪಟ್ಟಿ ಬೆರಳುಗಳ ಬುಡದ ಕೀಲನ್ನು ಸುತ್ತಿ ಎಳೆದುಕೊಳ್ಳುತ್ತದೆ, ಹಿಮ್ಮಡಿಯೂ ಮುಂಗಾಲೂ ಪರಸ್ಪರ ಹತ್ತಿರವಾಗುತ್ತವೆ, ಕಮಾನು ಏರುತ್ತದೆ, ಅಲ್ಲಿಯವರೆಗೆ ಸಡಿಲವಾಗಿದ್ದ ಪಾದ ದೇಹವನ್ನು ಮುಂದಕ್ಕೆ ತಳ್ಳುವಷ್ಟು ಗಟ್ಟಿಯಾಗುತ್ತದೆ. ಕುಳಿತುಕೊಂಡು ಒಂದು ಕೈಯಿಂದ ಕಾಲಿನ ಹೆಬ್ಬೆರಳನ್ನು ಮೊಣಕಾಲಿನ ಕಡೆಗೆ ಬಾಗಿಸಿ, ಇನ್ನೊಂದು ಕೈಯ ಬೆರಳನ್ನು ಅಂಗಾಲಿನ ನಡುವೆ ಇಟ್ಟು ನೋಡಿದರೆ ಚರ್ಮದ ಕೆಳಗೆ ಬಿಗಿದು ನಿಂತ ಈ ಪಟ್ಟಿ ಯಾರಿಗೂ ಸ್ಪಷ್ಟವಾಗಿ ತಿಳಿಯುತ್ತದೆ. ಮುಂದೆ ಹೇಳುವ ಮುಖ್ಯ ವ್ಯಾಯಾಮಗಳು ಈ ಒಂದು ಚಲನೆಯನ್ನೇ ಆಧರಿಸಿವೆ.

ನಾವು ಇಡುವ ಪ್ರತಿ ಹೆಜ್ಜೆಯಲ್ಲೂ ಈ ಪಟ್ಟಿ ಎಳೆತಕ್ಕೆ ಸಿಲುಕುತ್ತದೆ, ಮತ್ತು ಆ ಎಳೆತ ಅದು ಮೂಳೆಗೆ ಅಂಟಿಕೊಂಡಿರುವ ಜಾಗದಲ್ಲಿ ಹೆಚ್ಚಾಗಿ ಕೇಂದ್ರೀಕರಿಸುತ್ತದೆ. ಸವೆತವೂ ದುರಸ್ತಿಯೂ ಒಂದಕ್ಕೊಂದು ಸರಿದೂಗುತ್ತಿರುವವರೆಗೆ ತೊಂದರೆಯಿಲ್ಲ. ದುರಸ್ತಿಯ ವೇಗವನ್ನು ಸವೆತ ಮೀರಿಸಿದಾಗ ನಾರುಗಳ ಜೋಡಣೆ ಅಸ್ತವ್ಯಸ್ತವಾಗಿ, ಪಟ್ಟಿ ಆ ಜಾಗದಲ್ಲಿ ದಪ್ಪಗಾಗುತ್ತದೆ. ಆರೋಗ್ಯವಂತರಲ್ಲಿ ಸಾಮಾನ್ಯವಾಗಿ 4 ಮಿಲಿಮೀಟರಿಗಿಂತ ತೆಳ್ಳಗಿರುವ ಈ ಭಾಗ ರೋಗಿಗಳಲ್ಲಿ ಅದಕ್ಕಿಂತ ದಪ್ಪಗಿರುವುದು ಅಲ್ಟ್ರಾಸೌಂಡ್‌ನಲ್ಲಿ ಕಾಣುತ್ತದೆ. ಬಹುಕಾಲ ವೈದ್ಯರು ಇದನ್ನು ಉರಿಯೂತವೆಂದೇ ತಿಳಿದಿದ್ದರು. ಆದರೆ 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಈ ನೋವಿಗಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 50 ಪ್ರಕರಣಗಳ ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ ಎದ್ದು ಕಂಡದ್ದು ಉರಿಯೂತವಲ್ಲ, ನಾರುಗಳ ಶಿಥಿಲತೆ. ಆರಂಭದ ದಿನಗಳಲ್ಲಿ ಉರಿಯೂತಕ್ಕೆ ಪಾತ್ರವಿರಬಹುದು. ತಿಂಗಳುಗಳಿಂದ ಉಳಿದ ನೋವಿನಲ್ಲಿ ಮಾತ್ರ ನಮ್ಮ ಮುಂದಿರುವುದು ಮುಖ್ಯವಾಗಿ ದುರ್ಬಲಗೊಂಡ ಅಂಗಾಂಶ. ಈ ವ್ಯತ್ಯಾಸ ಚಿಕಿತ್ಸೆಯ ದಿಕ್ಕನ್ನೇ ಬದಲಿಸುತ್ತದೆ. ಉರಿಯೂತವನ್ನು ಮಾತ್ರೆಯಿಂದ ತಗ್ಗಿಸಬಹುದು, ಶಿಥಿಲಗೊಂಡ ನಾರನ್ನು ಮಾತ್ರೆ ಕಟ್ಟಿಕೊಡುವುದಿಲ್ಲ. ಅಳತೆ ಮೀರದ ಭಾರ ನಿಯಮಿತವಾಗಿ ಬಿದ್ದರೆ ಮಾತ್ರ ಅದು ಮತ್ತೆ ಬಲಗೊಳ್ಳುತ್ತದೆ, ಅದೂ ನಿಧಾನವಾಗಿ.

ಬೆಳಗಿನ ಮೊದಲ ಹೆಜ್ಜೆಯೇ ಏಕೆ ಅಷ್ಟು ನೋಯಿಸುತ್ತದೆ ಎಂಬ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ನಿದ್ದೆಯಲ್ಲಿ ಪಾದ ಸಹಜವಾಗಿ ಕೆಳಮುಖವಾಗಿ ಚಾಚಿಕೊಂಡಿರುವುದರಿಂದ ಮೀನಖಂಡವೂ ಅಂಗಾಲಿನ ಪಟ್ಟಿಯೂ ಹಲವು ತಾಸು ಸಡಿಲವಾಗಿ, ಕುಗ್ಗಿದ ಸ್ಥಿತಿಯಲ್ಲಿಯೇ ಪೆಡಸಾಗುತ್ತವೆ. ಎದ್ದು ನಿಂತ ಕ್ಷಣ ಇಡೀ ಮೈಭಾರ ಅದರ ಮೇಲೆ ಒಮ್ಮೆಲೇ ಬೀಳುತ್ತದೆ. ಬಹಳ ಹೊತ್ತು ಕೂತು ಎದ್ದಾಗಲೂ ಇದೇ ಅನುಭವವಾಗುವುದು ಈ ಕಾರಣಕ್ಕೆ. ಹಾಗಾಗಿ ಮೊದಲ ಹೆಜ್ಜೆಯ ನೋವನ್ನು ಶಪಿಸುವುದಕ್ಕಿಂತ ಅಳತೆಗೋಲಾಗಿ ಬಳಸಿಕೊಳ್ಳುವುದು ಒಳ್ಳೆಯದು: ನಿನ್ನೆ ಪಾದದ ಮೇಲೆ ಹಾಕಿದ ಭಾರ ಅದಕ್ಕೆ ತಡೆಯಿತೇ ಇಲ್ಲವೇ ಎಂಬುದನ್ನು ಇಂದಿನ ಮೊದಲ ಹೆಜ್ಜೆಯಷ್ಟು ನಂಬಿಕೆಯಿಂದ ಹೇಳುವ ಪರೀಕ್ಷೆ ಬೇರೊಂದಿಲ್ಲ.

ಈ ನೋವಿನ ವಿಷಯದಲ್ಲಿ ಅನಗತ್ಯ ಭಯವನ್ನು ಅತಿ ಹೆಚ್ಚು ಹುಟ್ಟಿಸಿರುವುದು ಎಕ್ಸ್-ರೇಯಲ್ಲಿ ಕಾಣುವ ಮೂಳೆಯ ಮುಳ್ಳು. ಹಿಮ್ಮಡಿಯಲ್ಲಿ ಮೂಳೆ ಬೆಳೆದಿದೆ, ಅದು ಚುಚ್ಚುತ್ತಿದೆ, ಕತ್ತರಿಸಿ ತೆಗೆಯದೆ ನೋವು ಹೋಗುವುದಿಲ್ಲ ಎಂದು ನಂಬಿ ಕಂಗಾಲಾಗುವವರು ಬಹಳ ಮಂದಿ. ವಾಸ್ತವದಲ್ಲಿ ಎಳ್ಳಷ್ಟೂ ನೋವಿಲ್ಲದ ಎಷ್ಟೋ ಜನರ ಹಿಮ್ಮಡಿಯಲ್ಲೂ ಇಂಥ ಮುಳ್ಳು ಇರುತ್ತದೆ, ತೀವ್ರ ನೋವಿರುವ ಎಷ್ಟೋ ಜನರಲ್ಲಿ ಇರುವುದೇ ಇಲ್ಲ. ಅದು ನೇರವಾಗಿ ನೆಲದ ಕಡೆಗೆ ಚಾಚಿಕೊಂಡೂ ಇರುವುದಿಲ್ಲ. ನೆಲಕ್ಕೆ ಸಮಾನಾಂತರವಾಗಿ ಬೆರಳುಗಳ ಕಡೆಗೆ ಬೆಳೆದಿರುತ್ತದೆ, ಅನೇಕ ವೇಳೆ ಪಟ್ಟಿಯೊಳಗಲ್ಲ, ಅದರ ಮೇಲಿನ ಕಿರು ಸ್ನಾಯುವಿನ ಬುಡದಲ್ಲಿ. ನೋವು ಪೂರ್ತಿ ಮಾಯವಾದ ಮೇಲೆ ಮತ್ತೆ ಎಕ್ಸ್-ರೇ ತೆಗೆಸಿದರೂ ಮುಳ್ಳು ಇದ್ದಲ್ಲೇ ಇರುತ್ತದೆ. ಅದನ್ನು ಗುರಿಯಾಗಿಸಿಕೊಂಡು ಚಿಕಿತ್ಸೆ ಹುಡುಕುವುದು ವ್ಯರ್ಥ.

ಹಾಗಾದರೆ ಸಮತೋಲನ ತಪ್ಪಿಸುವುದು ಯಾವುದು? ಹೆಚ್ಚಿನ ಸಂದರ್ಭಗಳಲ್ಲಿ ಪಾದದ ದಿನಚರಿಯಲ್ಲಿ ಆದ ಒಂದು ಬದಲಾವಣೆಯೇ ಕಾರಣವಾಗಿರುತ್ತದೆ: ಇದ್ದಕ್ಕಿದ್ದಂತೆ ಓಡಲು ಆರಂಭಿಸಿದ್ದು, ನಡಿಗೆಯ ದೂರವನ್ನು ಒಮ್ಮೆಲೇ ಹೆಚ್ಚಿಸಿದ್ದು, ದಿನವೆಲ್ಲ ನಿಲ್ಲಬೇಕಾದ ಹೊಸ ಕೆಲಸ, ಗಟ್ಟಿ ನೆಲದ ಮೇಲೆ ತೆಳು ಅಟ್ಟೆಯ ಚಪ್ಪಲಿ, ಕೆಲವೇ ತಿಂಗಳಲ್ಲಿ ಏರಿದ ತೂಕ. 2003ರಲ್ಲಿ ಅಮೆರಿಕದ ಸಂಶೋಧಕರು 50 ರೋಗಿಗಳನ್ನು 100 ಆರೋಗ್ಯವಂತರೊಂದಿಗೆ ಹೋಲಿಸಿ ನೋಡಿದಾಗ ಮೂರು ಅಂಶಗಳು ಎದ್ದು ಕಂಡವು: ಕಣಕಾಲಿನ ಕೀಲು ಮೇಲ್ಮುಖವಾಗಿ ಸಾಕಷ್ಟು ಬಾಗದಿರುವುದು, ಎತ್ತರಕ್ಕೆ ತಕ್ಕ ತೂಕವನ್ನು ಅಳೆಯುವ ಬಿಎಂಐ 30ಕ್ಕಿಂತ ಹೆಚ್ಚಿರುವುದು ಮತ್ತು ಕೆಲಸದ ಹೊತ್ತಿನ ಬಹುಭಾಗವನ್ನು ನಿಂತು ಕಳೆಯುವುದು. ಇವುಗಳಲ್ಲಿ ಮೊದಲನೆಯದರ ಸಂಬಂಧವೇ ಎಲ್ಲಕ್ಕಿಂತ ಬಲವಾಗಿತ್ತು. ಮೀನಖಂಡ ಬಿಗಿಯಾಗಿದ್ದರೆ ಕಣಕಾಲು ಬಾಗಬೇಕಾದಷ್ಟು ಬಾಗುವುದಿಲ್ಲ. ಆ ಕೊರತೆಯನ್ನು ಕಮಾನು ಚಪ್ಪಟೆಯಾಗಿ ತುಂಬಿಕೊಡಬೇಕಾಗುತ್ತದೆ, ಹೆಚ್ಚುವರಿ ಎಳೆತವೆಲ್ಲ ಅಂಗಾಲಿನ ಪಟ್ಟಿಯ ಪಾಲಿಗೆ ಬರುತ್ತದೆ. ನೋವು ಪಾದದಲ್ಲಿದ್ದರೂ ಫಿಸಿಯೋಥೆರಪಿಸ್ಟ್ ಮೊದಲು ಮೀನಖಂಡವನ್ನು ಮುಟ್ಟಿ ನೋಡುವುದು ಅದಕ್ಕಾಗಿಯೇ.

ರೋಗವನ್ನು ಗುರುತಿಸಲು ಸಾಮಾನ್ಯವಾಗಿ ನೋವಿನ ಕಥೆಯೂ ಬೆರಳಿನ ಒತ್ತಡವೂ ಸಾಕು. ಹಿಮ್ಮಡಿಯ ಒಳಬದಿಯ ಆ ಉಬ್ಬಿನ ಮೇಲೆ ಒತ್ತಿದಾಗ ನೋವು ಏಳುತ್ತದೆ, ಹೆಬ್ಬೆರಳನ್ನು ಹಿಂದಕ್ಕೆ ಬಾಗಿಸಿ ಒತ್ತಿದರೆ ಇನ್ನೂ ಹೆಚ್ಚುತ್ತದೆ. ಸ್ಕ್ಯಾನ್‌ಗಳ ಅಗತ್ಯ ಬೀಳುವುದು ಚಿತ್ರ ಇದಕ್ಕೆ ಹೊಂದದಿದ್ದಾಗ. ಹಿಮ್ಮಡಿಯನ್ನು ಎರಡೂ ಪಕ್ಕಗಳಿಂದ ಹಿಂಡಿದಾಗ ತೀವ್ರ ನೋವಾದರೆ ಮೂಳೆಯಲ್ಲಿ ಸಣ್ಣ ಬಿರುಕು ಬಿಟ್ಟಿರುವ ಅನುಮಾನ ಬರುತ್ತದೆ. ಉರಿ, ಜುಮುಜುಮು, ಮರಗಟ್ಟುವಿಕೆ ಇದ್ದರೆ ನರ ಸಿಲುಕಿಕೊಂಡಿರಬಹುದು, ಅಥವಾ ತೊಂದರೆ ಸೊಂಟದಿಂದ ಹೊರಟಿರಬಹುದು. ಹಿಮ್ಮಡಿಯ ನಟ್ಟನಡುವೆ ಜಜ್ಜಿದಂಥ ನೋವಿದ್ದು, ನಡೆದಷ್ಟೂ ಹೆಚ್ಚುತ್ತ ಹೋದರೆ ಅಲ್ಲಿನ ಕೊಬ್ಬಿನ ಮೆತ್ತೆ ತೆಳುವಾಗಿರುವ ಸಾಧ್ಯತೆಯಿದೆ. ಚಿಕ್ಕ ವಯಸ್ಸಿನವರಿಗೆ ಎರಡೂ ಹಿಮ್ಮಡಿಗಳಲ್ಲಿ ನೋವಿದ್ದು, ಜೊತೆಗೆ ಬೆಳಗಿನ ಹೊತ್ತು ಬೆನ್ನು ಬಹಳ ಸಮಯ ಪೆಡಸಾಗಿರುತ್ತಿದ್ದರೆ ಸಂಧಿವಾತ ತಜ್ಞರನ್ನು ಕಾಣಲೇಬೇಕು. ವಿಶ್ರಾಂತಿಯಲ್ಲೂ ರಾತ್ರಿಯಲ್ಲೂ ಬಿಡದ ನೋವು, ಜ್ವರ, ಕೆಂಪಾಗಿ ಊದಿಕೊಂಡಿರುವುದು, ಓಡುವಾಗ ಪಟ್ ಎಂದು ಕಿತ್ತಂತಾಗಿ ಅಂಗಾಲು ಕಂದಿಹೋಗುವುದು, ಇವು ಮನೆಯಲ್ಲೇ ಕಾದು ನೋಡುವಂಥ ಲಕ್ಷಣಗಳಲ್ಲ. ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕಡಿಮೆಯಾದವರು ಯಾವ ಮನೆಮದ್ದಿಗೂ ಮೊದಲು ವೈದ್ಯರನ್ನು ಕೇಳಬೇಕು. ಅವರಿಗೆ ಮಂಜುಗಡ್ಡೆಯಿಂದಲೂ ಗಾಯವಾದೀತು.

ಇನ್ನು ಚಿಕಿತ್ಸೆ. ಮೊದಲ ಹೆಜ್ಜೆ ಪಾದದ ಮೇಲಿನ ಹೊರೆಯನ್ನು ತಗ್ಗಿಸುವುದೇ ಹೊರತು ನಿಲ್ಲಿಸುವುದಲ್ಲ. ವಾರಗಟ್ಟಲೆ ಪೂರ್ತಿ ವಿಶ್ರಾಂತಿ ತೆಗೆದುಕೊಂಡರೆ ನೋವು ಇಳಿಯುವುದು ನಿಜ, ಆದರೆ ಆ ಹೊತ್ತಿಗೆ ಪಟ್ಟಿಯೂ ಸ್ನಾಯುಗಳೂ ಇನ್ನಷ್ಟು ದುರ್ಬಲವಾಗಿರುತ್ತವೆ. ಹಳೆಯ ಓಡಾಟಕ್ಕೆ ಮರಳಿದ ಕೆಲವೇ ದಿನಗಳಲ್ಲಿ ನೋವು ಮೊದಲಿಗಿಂತ ಜೋರಾಗಿ ಬರುವುದು ಆ ಕಾರಣಕ್ಕೆ. ಓಡುವವರು ಕೆಲಕಾಲ ಸೈಕಲ್ ಅಥವಾ ಈಜಿಗೆ ಬದಲಾಯಿಸಿಕೊಳ್ಳಬಹುದು, ಒಂದೇ ಸಮನೆ ನಿಲ್ಲುವವರು ನಡುನಡುವೆ ಕೂರುವ ಏರ್ಪಾಡು ಮಾಡಿಕೊಳ್ಳಬಹುದು, ದೀರ್ಘ ನಡಿಗೆಯನ್ನು ಎರಡು ಮೂರು ತುಂಡುಗಳಾಗಿ ಹಂಚಿಕೊಳ್ಳಬಹುದು. ಎಷ್ಟು ನೋವನ್ನು ಸಹಿಸಬಹುದು ಎಂಬುದಕ್ಕೆ ಒಂದು ಸರಳ ಮಿತಿಯಿದೆ: ಸೊನ್ನೆಯಿಂದ ಹತ್ತರವರೆಗಿನ ಅಳತೆಯಲ್ಲಿ ಮೂರು ನಾಲ್ಕನ್ನು ಮೀರದ ನೋವು, ಮರುದಿನ ಬೆಳಗಿನ ಮೊದಲ ಹೆಜ್ಜೆಯನ್ನು ಕೆಡಿಸದಿದ್ದರೆ, ಅಪಾಯಕಾರಿಯಲ್ಲ. ಮರುದಿನ ನೋವು ಏರಿದ್ದರೆ ಹಿಂದಿನ ದಿನದ್ದು ಅತಿಯಾಯಿತೆಂದು ತಿಳಿದು ಒಂದು ಮೆಟ್ಟಿಲು ಕೆಳಗಿಳಿಯಬೇಕು. ಮನೆಯೊಳಗೂ ಬರಿಗಾಲಲ್ಲಿ ಗಟ್ಟಿ ನೆಲದ ಮೇಲೆ ಓಡಾಡದೆ, ಹಿಮ್ಮಡಿ ತುಸು ಎತ್ತರವಿದ್ದು ಕಮಾನಿಗೆ ಆಸರೆ ಕೊಡುವ ಚಪ್ಪಲಿಯನ್ನು ಹಾಸಿಗೆಯ ಪಕ್ಕದಲ್ಲೇ ಇಟ್ಟುಕೊಂಡು, ಎದ್ದ ಕೂಡಲೇ ಅದರೊಳಗೆ ಕಾಲಿಡುವುದು ಸಣ್ಣ ಉಪಾಯವಾದರೂ ಮೊದಲ ವಾರಗಳಲ್ಲಿ ಅದರಿಂದ ಸಿಗುವ ನೆಮ್ಮದಿ ಸಣ್ಣದಲ್ಲ.

ಎರಡನೆಯದು ಹಿಗ್ಗಿಸುವ ವ್ಯಾಯಾಮ. ಇದನ್ನು ಹಾಸಿಗೆಯಲ್ಲಿ ಕುಳಿತೇ, ಕಾಲು ನೆಲಕ್ಕೆ ತಾಗುವ ಮೊದಲೇ ಮಾಡಬೇಕು. ನೋಯುವ ಕಾಲನ್ನು ಇನ್ನೊಂದು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ಎಲ್ಲ ಕಾಲ್ಬೆರಳುಗಳನ್ನು ಬುಡದಲ್ಲಿ ಹಿಡಿದು ಮೊಣಕಾಲಿನ ಕಡೆಗೆ ಎಳೆದು, ಅಂಗಾಲಿನ ಪಟ್ಟಿ ಬಿಗಿದದ್ದನ್ನು ಇನ್ನೊಂದು ಕೈಯಿಂದ ಮುಟ್ಟಿ ಖಚಿತಪಡಿಸಿಕೊಂಡು, 10 ಎಣಿಸುವಷ್ಟು ಹೊತ್ತು ಹಿಡಿದು ಬಿಡಬೇಕು. ಹೀಗೆ 10 ಬಾರಿ, ದಿನಕ್ಕೆ ಮೂರು ಸಲ. ಬಹಳ ಹೊತ್ತು ಕೂತು ಏಳುವ ಮೊದಲೂ ಮಾಡಿದರೆ ಒಳ್ಳೆಯದು. ದೀರ್ಘಕಾಲದಿಂದ ನೋವಿದ್ದವರ ಮೇಲೆ 2003ರಲ್ಲಿ ನಡೆದ ಅಧ್ಯಯನದಲ್ಲಿ, ಎಂಟು ವಾರಗಳ ಕೊನೆಗೆ ಈ ಕ್ರಮ ಬರೀ ಮೀನಖಂಡವನ್ನು ಹಿಗ್ಗಿಸುವುದಕ್ಕಿಂತ ಹೆಚ್ಚು ಫಲ ನೀಡಿತ್ತು. ಮೀನಖಂಡದ ವ್ಯಾಯಾಮವನ್ನು ಬಿಡಬೇಕೆಂದು ಇದರ ಅರ್ಥವಲ್ಲ. ಗೋಡೆಗೆ ಎರಡೂ ಕೈ ಊರಿ, ನೋಯುವ ಕಾಲನ್ನು ಹಿಂದಿಟ್ಟು, ಹಿಮ್ಮಡಿ ನೆಲ ಬಿಡದಂತೆ ಮುಂದಕ್ಕೆ ವಾಲಿ ಅರ್ಧ ನಿಮಿಷ ನಿಲ್ಲುವುದನ್ನು, ಒಮ್ಮೆ ಮೊಣಕಾಲು ನೇರವಾಗಿಟ್ಟು, ಇನ್ನೊಮ್ಮೆ ತುಸು ಬಗ್ಗಿಸಿ ಮಾಡಿದರೆ ಮೀನಖಂಡದ ಎರಡೂ ಸ್ನಾಯುಗಳು ಹಿಗ್ಗುತ್ತವೆ.

ಮೂರನೆಯದನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದು ಭಾವಿಸುತ್ತೇನೆ, ಆದರೆ ಹೆಚ್ಚಿನವರು ಅರ್ಧಕ್ಕೇ ಬಿಡುವುದೂ ಇದನ್ನೇ: ಬಲ ತುಂಬುವ ವ್ಯಾಯಾಮ. ಒಂದು ಟವೆಲನ್ನು ಸುರುಳಿ ಸುತ್ತಿ ಮೆಟ್ಟಿಲಿನ ಅಂಚಿನಲ್ಲಿಟ್ಟು, ಕಾಲ್ಬೆರಳುಗಳು ಅದರ ಮೇಲೆ ಹಿಂದಕ್ಕೆ ಬಾಗಿರುವಂತೆ ಮುಂಗಾಲನ್ನು ಊರಿ, ಹಿಮ್ಮಡಿಯನ್ನು ಗಾಳಿಯಲ್ಲಿ ಬಿಟ್ಟು, ಕಂಬಿ ಹಿಡಿದು ಒಂಟಿಗಾಲಲ್ಲಿ ನಿಲ್ಲಬೇಕು. ಮೂರು ಸೆಕೆಂಡುಗಳಲ್ಲಿ ಮೇಲೇರಿ, ಎರಡು ಸೆಕೆಂಡು ತುದಿಯಲ್ಲಿ ನಿಂತು, ಮೂರು ಸೆಕೆಂಡುಗಳಲ್ಲಿ ಇಳಿಯಬೇಕು. ಬೆರಳು ಬಾಗಿರುವುದರಿಂದ ಅಂಗಾಲಿನ ಪಟ್ಟಿ ಮೊದಲೇ ಬಿಗಿದಿರುತ್ತದೆ, ಮೀನಖಂಡದ ಎಳೆತ ಸೇರಿದಾಗ ಅದರ ಮೇಲೆ ನಿಧಾನವಾದ, ಗಣನೀಯ ಭಾರ ಬೀಳುತ್ತದೆ. ಆರಂಭದಲ್ಲಿ 12ರಂತೆ ಮೂರು ಸುತ್ತು, ದಿನ ಬಿಟ್ಟು ದಿನ. ಅದು ಹಗುರವೆನಿಸತೊಡಗಿದಾಗ ಬೆನ್ನಿನ ಚೀಲಕ್ಕೆ ಪುಸ್ತಕಗಳನ್ನು ತುಂಬಿ ತೂಕ ಏರಿಸುತ್ತ, ಎಣಿಕೆಯನ್ನು ಹತ್ತಕ್ಕೂ ಎಂಟಕ್ಕೂ ಇಳಿಸಿ, ಸುತ್ತುಗಳನ್ನು ನಾಲ್ಕಕ್ಕೂ ಐದಕ್ಕೂ ಹೆಚ್ಚಿಸಬೇಕು. ಒಂಟಿಗಾಲಲ್ಲಿ ಆಗದವರು ಎರಡೂ ಕಾಲಿನಿಂದ ಶುರುಮಾಡಬಹುದು. ಡೆನ್ಮಾರ್ಕಿನಲ್ಲಿ 48 ರೋಗಿಗಳ ಮೇಲೆ ಈ ಕ್ರಮವನ್ನು ಪರೀಕ್ಷಿಸಿದಾಗ, ಮೂರು ತಿಂಗಳ ಹೊತ್ತಿಗೆ ಇದನ್ನು ಮಾಡಿದವರು ಹಿಗ್ಗಿಸುವ ವ್ಯಾಯಾಮ ಮಾತ್ರ ಮಾಡಿದವರಿಗಿಂತ ಸ್ಪಷ್ಟವಾಗಿ ಮುಂದಿದ್ದರು. ಒಂದು ವರ್ಷದ ಹೊತ್ತಿಗೆ ಎರಡೂ ಗುಂಪುಗಳು ಸಮನಾಗಿದ್ದವು. ಅಂದರೆ ಇದರ ಲಾಭ ಬೇಗ ಗುಣವಾಗುವುದರಲ್ಲಿದೆ, ಮತ್ತು ನೋವಿನ ಕೆಲವು ತಿಂಗಳು ತಪ್ಪುವುದು ಅನುಭವಿಸುವವರಿಗೆ ಸಣ್ಣ ಮಾತಲ್ಲ. ಮೊದಲ ಎರಡು ಮೂರು ವಾರ ಏನೂ ಫಲ ಕಾಣದೆ ಇರುವುದು ಸಹಜ. ಕೊಲಾಜನ್ ತನ್ನನ್ನು ಮರುಕಟ್ಟಿಕೊಳ್ಳುವುದು ವಾರಗಳಲ್ಲಲ್ಲ, ತಿಂಗಳುಗಳಲ್ಲಿ.

ಉಳಿದ ಉಪಾಯಗಳು ಈ ಅವಧಿಯನ್ನು ಸಹನೀಯವಾಗಿಸುವ ಆಸರೆಗಳು. ತಿಳಿದವರಿಂದ ಅಂಗಾಲಿಗೆ ಟೇಪ್ ಸುತ್ತಿಸಿಕೊಂಡರೆ ಮೊದಲ ವಾರದಲ್ಲೇ ನೋವು ತಗ್ಗಬಹುದು. ಶೂ ಒಳಗಿಡುವ ಇನ್ಸೋಲ್ ಬಗ್ಗೆ 2006ರಲ್ಲಿ ಆಸ್ಟ್ರೇಲಿಯಾದ ಅಧ್ಯಯನವೊಂದು ಕಂಡುಕೊಂಡಂತೆ, ಪಾದದ ಅಚ್ಚು ತೆಗೆದು ಮಾಡಿಸಿದ್ದಕ್ಕೂ ಸಿದ್ಧವಾಗಿ ಸಿಗುವುದಕ್ಕೂ ಫಲದಲ್ಲಿ ಅಂಥ ವ್ಯತ್ಯಾಸವಿಲ್ಲ. ಎರಡೂ ಮೊದಲ ಕೆಲವು ತಿಂಗಳು ಸ್ವಲ್ಪ ನೆರವಾಗುತ್ತವೆ, ವರ್ಷದ ಕೊನೆಗೆ ಆ ಲಾಭವೂ ಉಳಿಯುವುದಿಲ್ಲ. ಆದ್ದರಿಂದ ಮೊದಲೇ ದುಬಾರಿಯದಕ್ಕೆ ಕೈಹಾಕಬೇಕಿಲ್ಲ. ರಾತ್ರಿ ಪಾದವನ್ನು ಚಾಚದಂತೆ ಹಿಡಿದಿಡುವ ನೈಟ್ ಸ್ಪ್ಲಿಂಟ್ ಬೆಳಗಿನ ನೋವೇ ಪ್ರಧಾನವಾಗಿರುವವರಿಗೆ ಉಪಯುಕ್ತ, ಆದರೆ ನಿದ್ದೆ ಕೆಡುವುದರಿಂದ ಅನೇಕರು ಬಿಟ್ಟುಬಿಡುತ್ತಾರೆ. ನೀರು ತುಂಬಿ ಹೆಪ್ಪುಗಟ್ಟಿಸಿದ ಬಾಟಲಿಯನ್ನು ಅಂಗಾಲಿನ ಕೆಳಗೆ ಹತ್ತು ನಿಮಿಷ ಉರುಳಿಸುವುದು ಸಂಜೆಯ ನೋವಿಗೆ ಹಿತ. ನೋವಿನ ಮಾತ್ರೆಗಳನ್ನು ವೈದ್ಯರ ಸಲಹೆಯಂತೆ ಕೆಲವು ದಿನಗಳ ಮಟ್ಟಿಗೆ ಬಳಸಬಹುದು, ತಿಂಗಳುಗಟ್ಟಲೆ ನುಂಗುವುದು ಹೊಟ್ಟೆಗೂ ಮೂತ್ರಪಿಂಡಕ್ಕೂ ಕೆಡುಕು.

ಸ್ಟೀರಾಯ್ಡ್ ಇಂಜೆಕ್ಷನ್ ವಿಷಯದಲ್ಲಿ ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಅದು ಬೇಗ ಆರಾಮ ಕೊಡುತ್ತದೆ, ಅದೇ ಅದರ ಆಕರ್ಷಣೆ. 2012ರ ಒಂದು ಅಧ್ಯಯನದಲ್ಲಿ ಇಂಜೆಕ್ಷನ್ ಪಡೆದವರ ನೋವು 4 ವಾರಗಳ ಹೊತ್ತಿಗೆ ಕಡಿಮೆಯಾಗಿತ್ತು. 8 ಮತ್ತು 12 ವಾರಗಳ ಹೊತ್ತಿಗೆ ಔಷಧವಿಲ್ಲದ ಇಂಜೆಕ್ಷನ್ ಪಡೆದವರಿಗೂ ಅವರಿಗೂ ನೋವಿನಲ್ಲಿ ಗಮನಾರ್ಹ ವ್ಯತ್ಯಾಸವಿರಲಿಲ್ಲ. ಪದೇ ಪದೇ ಚುಚ್ಚಿಸಿಕೊಂಡರೆ ಪಟ್ಟಿ ಹರಿಯುವ ಮತ್ತು ಹಿಮ್ಮಡಿಯ ಕೊಬ್ಬಿನ ಮೆತ್ತೆ ಕರಗುವ ಅಪಾಯವಿದೆ, ಹೋದ ಮೆತ್ತೆ ಮರಳಿ ಬರುವುದು ಕಷ್ಟ. ನೋವು ಅಸಹನೀಯವಾಗಿ ವ್ಯಾಯಾಮವನ್ನೇ ಆರಂಭಿಸಲಾಗದವರಿಗೆ ಒಂದು ಇಂಜೆಕ್ಷನ್ ಅವಕಾಶ ಮಾಡಿಕೊಡಬಹುದು. ನೋವಿಲ್ಲವೆಂದು ಮರುದಿನವೇ ಓಡಲು ಹೊರಡುವುದು ಮಾತ್ರ ಸಲ್ಲದು. ಆರು ತಿಂಗಳು ಶ್ರದ್ಧೆಯಿಂದ ಎಲ್ಲ ಮಾಡಿಯೂ ನೋವು ಉಳಿದರೆ ಶಾಕ್‌ವೇವ್ ಚಿಕಿತ್ಸೆಯನ್ನು ಪರಿಗಣಿಸಬಹುದು. ಹಿಮ್ಮಡಿಗೆ ಧ್ವನಿತರಂಗಗಳ ಹೊಡೆತ ನೀಡಿ ದುರಸ್ತಿಯನ್ನು ಪ್ರಚೋದಿಸುವ ಈ ವಿಧಾನಕ್ಕೆ ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2000ರಲ್ಲಿ ಮೊದಲ ಒಪ್ಪಿಗೆ ಕೊಟ್ಟಿತು. ಪಟ್ಟಿಯನ್ನು ಭಾಗಶಃ ಕತ್ತರಿಸುವ ಅಥವಾ ಮೀನಖಂಡದ ಬಿಗಿತವನ್ನು ಸಡಿಲಿಸುವ ಶಸ್ತ್ರಚಿಕಿತ್ಸೆ ಬೇಕಾಗುವವರು ಬಹಳ ವಿರಳ, ಮತ್ತು ಪಟ್ಟಿಯನ್ನು ಕತ್ತರಿಸಿದರೆ ಕಮಾನು ಇಳಿಯುವ ಬೆಲೆಯನ್ನೂ ತೆರಬೇಕಾಗಬಹುದು.

ಚೇತರಿಕೆ ಒಂದೇ ಸಮನೆ ಸಾಗುವುದಿಲ್ಲ ಎಂಬುದನ್ನು ಮೊದಲೇ ತಿಳಿದಿರುವುದು ಲೇಸು. ಎರಡು ವಾರ ಚೆನ್ನಾಗಿದ್ದು ಮೂರನೆಯ ವಾರ ಒಂದು ದೀರ್ಘ ಪ್ರಯಾಣದ ನಂತರ ನೋವು ಮರಳಿದರೆ ಮಾಡಿದ್ದೆಲ್ಲ ನೀರುಪಾಲಾಯಿತೆಂದು ಭಾವಿಸಬೇಕಿಲ್ಲ. ನಿನ್ನೆಯನ್ನು ಇಂದಿಗೆ ಹೋಲಿಸುವ ಬದಲು ಕಳೆದ ತಿಂಗಳನ್ನು ಈ ತಿಂಗಳಿಗೆ ಹೋಲಿಸಿದರೆ ನಿಜವಾದ ಚಿತ್ರ ಸಿಗುತ್ತದೆ. ಕ್ಯಾಲೆಂಡರಿನ ಚೌಕದಲ್ಲಿ ಬೆಳಗಿನ ಮೊದಲ ಹೆಜ್ಜೆಯ ನೋವಿಗೆ ಒಂದು ಅಂಕೆ ಬರೆದಿಟ್ಟರೆ ಸಾಕು. ಓಟಕ್ಕೆ ಮರಳಲು ಬಯಸುವವರು, ಅರ್ಧ ಗಂಟೆ ಚುರುಕಾಗಿ ನಡೆದರೂ ಮರುದಿನ ನೋವಿಲ್ಲದ ಸ್ಥಿತಿ ಬರುವವರೆಗೆ ಕಾದು, ನಂತರ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆಯಂತೆ ದಿನ ಬಿಟ್ಟು ದಿನ ಆರಂಭಿಸಿ, ಮರುದಿನದ ಹೆಜ್ಜೆ ಒಪ್ಪಿಗೆ ಕೊಟ್ಟಾಗ ಮಾತ್ರ ಓಟದ ಪಾಲನ್ನು ಹೆಚ್ಚಿಸಬೇಕು. ನೋವು ಪೂರ್ತಿ ಹೋದ ಮೇಲೂ ಮೆಟ್ಟಿಲಿನ ವ್ಯಾಯಾಮವನ್ನು ವಾರಕ್ಕೆರಡು ಬಾರಿಯಾದರೂ ಕೆಲವು ತಿಂಗಳು ಮುಂದುವರಿಸಬೇಕು, ಅಟ್ಟೆ ಸವೆದ ಶೂವನ್ನು ತಡಮಾಡದೆ ಬದಲಿಸಬೇಕು.